ಚಿಗಾಂಗ್ ಮಾಡಿ ಹೊಟ್ಟೆಹುಣ್ಣು ವಾಸಿ ಮಾಡಿಕೊಳ್ಳಬಹುದೇ? ಮಾತ್ರೆ ಬಿಡಬಹುದೇ?

ಮಾತ್ರೆ ಬಿಡಬೇಡಿ. ಚಿಗಾಂಗ್ (ನಿಧಾನ ಚಲನೆ, ಉಸಿರು, ಗಮನ ಸೇರಿದ ಚೀನೀ ವ್ಯಾಯಾಮ) ಬೇಕಾದರೆ ನಾಳೆ ಬೆಳಿಗ್ಗೆಯಿಂದಲೇ ಶುರುಮಾಡಿ. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಕೇಳುವಷ್ಟು ಪುರುಸೊತ್ತಿದ್ದರೆ ಮುಂದೆ ಓದಿ.

ನೀವು ಬರೆದದ್ದು ನನಗೆ ಅರ್ಥವಾದಂತೆ: ಬಹಳ ದಿನದಿಂದ ಹೊಟ್ಟೆಹುಣ್ಣು, ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಆನ್‌ಲೈನ್ ಕೋರ್ಸಿನ ಗುರುಗಳು "ಒಳಶಕ್ತಿ ಹರಿಯತೊಡಗಿದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ, ಮಾತ್ರೆ ಅದಕ್ಕೆ ಅಡ್ಡಿ" ಎಂದಿದ್ದಾರೆ. ಅವರು ಹೇಳಿಕೊಟ್ಟಂತೆ ನಿಂತಾಗ ನಿಮ್ಮ ಅಂಗೈ ಬಿಸಿಯಾಗಿ ಜುಮ್ ಅಂದಿದೆ. ಹಾಗಾಗಿ ಅವರು ಹೇಳುವ ಮಿಕ್ಕದ್ದೂ ನಿಜವಿರಬಹುದು ಅನ್ನಿಸಿದೆ.

ನಾನು ವೈದ್ಯನಲ್ಲ. ಸಿಂಗಾಪುರದಲ್ಲಿ ಕೆಲಸ. ನಮ್ಮ ಅಪಾರ್ಟ್‌ಮೆಂಟ್ ಬ್ಲಾಕಿನ ಕೆಳಗೆ ಬೆಳಿಗ್ಗೆ ಹೊತ್ತು ಚೀನೀ ಅಜ್ಜಿ-ತಾತಂದಿರು ಸಾಲಾಗಿ ನಿಂತು ಸಣ್ಣ ಸ್ಪೀಕರಿನಲ್ಲಿ ಸಂಗೀತ ಹಾಕಿಕೊಂಡು ಕೈಕಾಲು ಆಡಿಸುತ್ತಾರೆ. ಕತ್ತುನೋವು ತಡೆಯಲಾರದೆ ನಾನೂ ಹಿಂದಿನ ಸಾಲಿಗೆ ಸೇರಿಕೊಂಡೆ, ಈಗಲೂ ಬಿಟ್ಟಿಲ್ಲ. ಕತ್ತು ಹಗುರಾಗಿದೆ, ನಿದ್ದೆ ಮೊದಲಿಗಿಂತ ಚೆನ್ನಾಗಿ ಬರುತ್ತದೆ. ನನ್ನ ಥೈರಾಯ್ಡ್ ಮಾತ್ರೆ ಮಾತ್ರ ಒಂದು ಮೈಕ್ರೋಗ್ರಾಮ್ ಕೂಡ ಕಮ್ಮಿಯಾಗಿಲ್ಲ. ಆಗುತ್ತದೆ ಅಂತ ಆ ಗುಂಪಿನಲ್ಲಿ ಯಾರೂ ಹೇಳಲೂ ಇಲ್ಲ. ಮುಂದೆ ನಿಂತು ಹೇಳಿಕೊಡುವ ಆಂಟಿಯೇ ಅಭ್ಯಾಸ ಮುಗಿದ ಕೂಡಲೇ ಚೀಲದಿಂದ ಬಿಪಿ ಮಾತ್ರೆ ತೆಗೆದು ನುಂಗುತ್ತಾರೆ.

ಈಗ ಒಂದು ಕಥೆ. ಇದು ನಿಮ್ಮದೇ ಕಾಯಿಲೆಯ ಕಥೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಚಿಗಾಂಗ್ ಸಾವಿರಾರು ವರ್ಷ ಹಳೆಯದು ಅಂತ ಎಲ್ಲ ಕೋರ್ಸಿನವರೂ ಹೇಳುತ್ತಾರೆ. ವ್ಯಾಯಾಮಗಳು ಹಳೆಯವು, ಅದರಲ್ಲಿ ಅನುಮಾನವಿಲ್ಲ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ 1973ರಲ್ಲಿ ಅಗೆದ ಸಮಾಧಿಯಲ್ಲಿ ಸಿಕ್ಕ ರೇಷ್ಮೆಯ ಮೇಲೆ ಮೈ ಬಾಗಿಸುವ, ಕೈ ಚಾಚುವ 44 ಆಕೃತಿಗಳಿವೆ. ಆ ಸಮಾಧಿ ಕ್ರಿ.ಪೂ. 168ರದು. ಆದರೆ ಇವನ್ನೆಲ್ಲ ಚಿಗಾಂಗ್ ಎಂಬ ಒಂದೇ ಹೆಸರಿನಡಿ ತಂದು ಚಿಕಿತ್ಸೆಯಾಗಿ ಆಸ್ಪತ್ರೆಯೊಳಕ್ಕೆ ಒಯ್ದದ್ದು 1949ರ ಆಚೀಚೆ, ಅದೂ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರು. ಅದರ ನಡುವೆ ಇದ್ದ ವ್ಯಕ್ತಿ ಹೆಬೈ ಪ್ರಾಂತ್ಯದ ಲ್ಯೂ ಗುಯ್‌ಜೆನ್. ಅವರಿಗೆ ಇದ್ದದ್ದು ಏನು ಗೊತ್ತೇ? ಹೊಟ್ಟೆಹುಣ್ಣು ಮತ್ತು ನಿದ್ರಾಹೀನತೆ.

ಪಕ್ಷದವರು ಅವರನ್ನು ವಿಶ್ರಾಂತಿಗೆಂದು ಊರಿಗೆ ಕಳಿಸಿದರು. ಅಲ್ಲಿ ಬಂಧುವೊಬ್ಬರಿಂದ ಉಸಿರಾಟದ ಒಂದು ಕ್ರಮ ಕಲಿತು ಮೂರು ತಿಂಗಳಿಗೂ ಮೇಲ್ಪಟ್ಟು ಅದನ್ನೇ ಮಾಡಿದರು. ಉಸಿರು ಎಳೆಯುವಾಗ ಮನಸ್ಸಿನಲ್ಲಿ ಒಂದು ಅಕ್ಷರ, ತಡೆದಾಗ ಒಂದು, ಬಿಡುವಾಗ ಒಂದು. ಗಮನವೆಲ್ಲ ಹೊಕ್ಕುಳ ಕೆಳಗೆ. ನಮ್ಮಲ್ಲಿ ಸೋಹಂ ಜಪ ಮಾಡುವವರಿಗೆ ಇದು ಹೊಸದೇನಲ್ಲ. ಹುಣ್ಣು ಮಾಯಿತು, ಮೈ ತುಂಬಿಕೊಂಡಿತು, ಅವರು ಕೆಲಸಕ್ಕೆ ಮರಳಿದರು. ಮೇಲಿನವರಿಗೆ ಖುಷಿಯಾಗಿ 1950ರ ದಶಕದ ಮಧ್ಯದಲ್ಲಿ ತಾಂಗ್‌ಶಾನ್‌ನಲ್ಲಿ, ಆಮೇಲೆ ಬೈದಾಯ್‌ಹ ಕಡಲತೀರದಲ್ಲಿ ಚಿಗಾಂಗ್ ಆರೋಗ್ಯಧಾಮಗಳನ್ನು ತೆರೆಸಿದರು. ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಅವು ಆರೋಗ್ಯಧಾಮಗಳು. ರೋಗಿ ಕೆಲಸ ಬಿಟ್ಟು ಬಂದು ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ವೈದ್ಯರ ಕಣ್ಣಮುಂದೆ ಇರುತ್ತಿದ್ದ. ಔಷಧಕ್ಕೆ ಎದುರಾಗಿ ಚಿಗಾಂಗನ್ನು ನಿಲ್ಲಿಸುವ ಮಾತೇ ಅಲ್ಲಿರಲಿಲ್ಲ.

ಲ್ಯೂ ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಆದರೆ ಹುಣ್ಣು ಯಾಕೆ ಬರುತ್ತದೆ ಎಂಬುದು ಆಗ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚಿಂತೆ, ಖಾರ, ಆಮ್ಲ ಎಂದು ಹೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೊಟ್ಟೆಯ ಲೋಳೆಪೊರೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಂಡು, ಹುಣ್ಣಿಗೆ ಅದೇ ಮುಖ್ಯ ಕಾರಣ ಎಂದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ್ದ ದ್ರವವನ್ನು ತಾವೇ ಗಟಗಟ ಕುಡಿದು ಹೊಟ್ಟೆಯುರಿ ತರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣು ಒಮ್ಮೆ ಮಾಯುತ್ತದೆ, ಮತ್ತೆ ಏಳುತ್ತದೆ. ವಿಶ್ರಾಂತಿ, ಊಟ, ನಿದ್ದೆ ಸರಿಹೋದಾಗ ಮಾಯುವುದು ಸಹಜವೇ. ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಕೂತಿರುತ್ತದೆ. ಅದನ್ನು ತೆಗೆಯಲು ಸಾಮಾನ್ಯವಾಗಿ ಎರಡು ವಾರದ ಆ್ಯಂಟಿಬಯೋಟಿಕ್ ಕೋರ್ಸ್ ಸಾಕು. ಚಿಗಾಂಗಿನ ಮೊದಲ ದೊಡ್ಡ ಗೆಲುವು ಅನ್ನಿಸಿಕೊಂಡ ಕಾಯಿಲೆಯೇ ಕೊನೆಗೆ ಹೀಗೆ ಹೊರಬಿತ್ತು.

ಆದ್ದರಿಂದ ನಿಮ್ಮನ್ನು ಕೇಳುವುದು: ಪೈಲೋರಿ ಪರೀಕ್ಷೆ ಮಾಡಿಸಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ನಮ್ಮ ದೇಶದಲ್ಲಿ ಈ ಸೋಂಕು ತೀರಾ ಸಾಮಾನ್ಯ. ಉಸಿರಿನ ಪರೀಕ್ಷೆ ಇದೆ, ಮಲದ ಪರೀಕ್ಷೆ ಇದೆ, ಎಂಡೋಸ್ಕೋಪಿ ಮಾಡುವಾಗಲೇ ಚೂರು ತೆಗೆದು ನೋಡುವುದೂ ಇದೆ. ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆ ತಪ್ಪು ಉತ್ತರ ಕೊಡಬಹುದು, ಹಾಗಾಗಿ ಎಷ್ಟು ದಿನ ನಿಲ್ಲಿಸಿ ಬರಬೇಕು ಅಂತ ಡಾಕ್ಟರನ್ನೇ ಕೇಳಿ. ಮಾತ್ರೆ ನಿಲ್ಲಿಸಲು ಸರಿಯಾದ ಕಾರಣವೊಂದು ಇದ್ದರೆ ಅದು ಇದು! ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಅದೇ.

ಮತ್ತೆ "ಮಾತ್ರೆ ಅಡ್ಡಿ" ಎಂಬ ಮಾತು ಎಲ್ಲಿಂದ ಬಂತು? ಲ್ಯೂ ಅವರ ಧಾಮವನ್ನು 1960ರ ದಶಕದಲ್ಲಿ, ಹಳೆಯದನ್ನೆಲ್ಲ ಅಳಿಸಹೊರಟ ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗಾಳಿ ಏಳುತ್ತಿದ್ದಂತೆ ಮುಚ್ಚಿಸಿದರು. ಆ ದಿನಗಳು ತಣ್ಣಗಾದ ಮೇಲೆ, 1980ರ ದಶಕದಲ್ಲಿ, ಚೀನಾಕ್ಕೆ ಚಿಗಾಂಗ್ ಜ್ವರವೇ ಬಂತು. ಕ್ರೀಡಾಂಗಣ ತುಂಬ ಜನರನ್ನು ಕೂರಿಸಿ ಗುರು ವೇದಿಕೆಯ ಮೇಲಿಂದಲೇ "ಶಕ್ತಿ ಬಿಡುವುದು", ಕೆಳಗೆ ಜನ ಅಳುವುದು, ನಗುವುದು, ಉರುಳುವುದು. ವಿಶ್ವದ ಸಂದೇಶ ಹಿಡಿಯಲು ತಲೆಗೆ ಪಾತ್ರೆ ಕವುಚಿಕೊಂಡು ಸಾಲಾಗಿ ಕೂತವರ ಫೋಟೊಗಳಿವೆ. ದೇಶದ ಕ್ಷಿಪಣಿ ಯೋಜನೆಯ ಪಿತಾಮಹ ಎನ್ನಿಸಿಕೊಂಡ ಚಿಯನ್ ಶ್ವೇಸನ್ ಅಂಥವರೇ ಬೆನ್ನಿಗೆ ನಿಂತಿದ್ದರೆಂದರೆ ಸಾಮಾನ್ಯರ ಪಾಡು ಕೇಳಬೇಕೇ? ನಿಮ್ಮ ಕೋರ್ಸಿನವರ ಭಾಷೆ ಆ ದಶಕದ್ದು, ಮಾವಾಂಗ್‌ದುಯಿಯದಲ್ಲ.

ಗುರು ದೂರದಿಂದ ಶಕ್ತಿ ಕಳಿಸುತ್ತಾರೆ ಅಂತ ಝೂಮ್ ತರಗತಿಗೆ ಹೆಚ್ಚುವರಿ ಶುಲ್ಕ ಕೇಳಿದ್ದಾರೆ ಎಂದೂ ಬರೆದಿದ್ದೀರಿ. 1988ರಲ್ಲಿ ಪವಾಡಗಳ ಗುಟ್ಟು ಬಯಲುಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ್‍ಯಾಂಡಿ ಮೊದಲಾದವರ ಅಮೆರಿಕದ ತಂಡ ಚೀನಾಕ್ಕೆ ಹೋಗಿ ಇದನ್ನೇ ಪರೀಕ್ಷಿಸಿತ್ತು. ಗುರು ಕೈ ಚಾಚಿದರೆ ಮೇಜಿನ ಮೇಲೆ ಮಲಗಿದ ರೋಗಿ ಹೊರಳಾಡುತ್ತಾಳೆ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ನಾಣ್ಯ ಚಿಮ್ಮಿ, ಬಿದ್ದಂತೆ ಗುರುವಿಗೆ ಈಗ ಶಕ್ತಿ ಬಿಡಿ, ಈಗ ಬಿಡಬೇಡಿ ಎಂದರು. ರೋಗಿಯ ಹೊರಳಾಟಕ್ಕೂ ಗುರುವಿನ ಕೈಗೂ ತಾಳೆಯೇ ಆಗಲಿಲ್ಲ. ಆ ಹೆಚ್ಚುವರಿ ಶುಲ್ಕ ಕೊಡಬೇಡಿ.

ಹಾಗಾದರೆ ನಿಮ್ಮ ಅಂಗೈ ಬಿಸಿಯಾದದ್ದು ಭ್ರಮೆಯೇ? ಅಲ್ಲ, ನಿಜವಾಗಿಯೂ ಬಿಸಿಯಾಗಿದೆ. ಥರ್ಮಾಮೀಟರ್ ಹಿಡಿದರೂ ಗೊತ್ತಾಗಬಹುದು. ಉಸಿರು ನಿಧಾನವಾಗಿ ಮೈ ಸಡಿಲವಾದಾಗ ಬೆರಳಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಹೆಚ್ಚು ಬರುತ್ತದೆ. ಅದರ ಮೇಲೆ ನಿಮ್ಮ ಗಮನವೆಲ್ಲ ಅಲ್ಲೇ ನೆಟ್ಟಿರುವುದರಿಂದ ಬೇರೆ ಹೊತ್ತಿನಲ್ಲಿ ಲೆಕ್ಕಕ್ಕೇ ಬಾರದ ಜುಮುಜುಮು ಕೂಡ ದೊಡ್ಡದಾಗಿ ಕೇಳಿಸುತ್ತದೆ. ಜರ್ಮನಿಯ ಯೊಹಾನೆಸ್ ಶುಲ್ಟ್ಸ್ ಎಂಬ ವೈದ್ಯ 1932ರಲ್ಲಿ ಪ್ರಕಟಿಸಿದ ಆಟೋಜೆನಿಕ್ ಟ್ರೈನಿಂಗ್‌ನಲ್ಲಿ ರೋಗಿ ಸುಮ್ಮನೆ ಮಲಗಿ "ನನ್ನ ಕೈ ಭಾರವಾಗಿದೆ, ಬೆಚ್ಚಗಿದೆ" ಎಂದುಕೊಳ್ಳುತ್ತಾನೆ, ಕೈ ಬೆಚ್ಚಗಾಗುತ್ತದೆ. ಅಲ್ಲಿ ಚಿ ಎಂಬ ಒಳಶಕ್ತಿ ಇಲ್ಲ, ಹೊಕ್ಕುಳ ಕೆಳಗಿನ ದಾನ್‌ಟಿಯನ್ ಎಂಬ ಶಕ್ತಿಕೇಂದ್ರ ಇಲ್ಲ. ಬಿಸಿ ಬಂತೆಂದರೆ ಮೈ ಸಡಿಲವಾಗಿದೆ ಎಂದು ಅರ್ಥ. ನಿದ್ದೆ ಬಾರದವರಿಗೆ ಅದೇ ದೊಡ್ಡ ಲಾಭ. ಹುಣ್ಣಿನೊಳಗೆ ರಿಪೇರಿ ನಡೆಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಲಾಭ ನಿಜವಾಗಿ ಎಲ್ಲಿದೆ ಅಂತ ಕೇಳಿದರೆ, ಚಿಗಾಂಗಿನ ಒಡಹುಟ್ಟಾದ ತಾಯಿ ಚಿ (Tai Chi) ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮದ ಮೇಲೆ ನಡೆದ ಕೆಲವು ಪ್ರಯೋಗಗಳನ್ನು ತೋರಿಸಬಹುದು. 2010ರಲ್ಲಿ 66 ಜನ ಫೈಬ್ರೊಮಯಾಲ್ಜಿಯ (ಮೈತುಂಬ ಬಿಡದೆ ಕಾಡುವ ನೋವು) ರೋಗಿಗಳಲ್ಲಿ 12 ವಾರದ ತಾಯಿ ಚಿ ನೋವನ್ನೂ ನಿದ್ದೆಯನ್ನೂ ಸುಧಾರಿಸಿತು. 2012ರಲ್ಲಿ 195 ಜನ ಪಾರ್ಕಿನ್ಸನ್ ರೋಗಿಗಳಲ್ಲಿ ಆಯ ತಪ್ಪುವುದು, ಬೀಳುವುದು ಕಮ್ಮಿಯಾಯಿತು. ಎರಡೂ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದವು. ನೋವು, ನಿದ್ದೆ, ಆಯ, ಮನಸ್ಸಿನ ಭಾರ: ಇದು ಇದರ ಸೀಮೆ. ಬ್ಯಾಕ್ಟೀರಿಯಾ, ಗಡ್ಡೆ, ಹಾರ್ಮೋನು ಈ ಸೀಮೆಯಾಚೆಗಿನವು. ಕ್ಯಾನ್ಸರಿಗೆ ನಡಿಗೆಯ ಚಿಗಾಂಗ್ ಹೇಳಿಕೊಟ್ಟು ಹೆಸರಾದ, 1970ರ ದಶಕದಲ್ಲಿ ಬೀಜಿಂಗಿನ ಪಾರ್ಕುಗಳಲ್ಲಿ ಜನ ಸೇರಿಸುತ್ತಿದ್ದ ಗುವೊ ಲಿನ್ ಕೂಡ ತಮ್ಮ ಗರ್ಭಕೋಶದ ಕ್ಯಾನ್ಸರಿಗೆ ಮೊದಲು ಆಪರೇಷನ್‌ಗಳನ್ನು ಮಾಡಿಸಿಕೊಂಡವರೇ.

ಸರಿ, ಮಾಡುವುದು ಯಾವುದನ್ನು? ಬಾಡುವಾನ್‌ಜಿನ್ ಕಲಿಯಿರಿ. ಎಂಟೇ ಚಲನೆ, ನಿಂತೇ ಮಾಡುವುದು, ಪೂರ್ತಿ ಮಾಡಲು 12 ನಿಮಿಷದಷ್ಟು ಬೇಕು. 1999ರಲ್ಲಿ ಚಿಗಾಂಗಿನಿಂದಲೇ ಹುಟ್ಟಿದ ಫಾಲುನ್ ಗಾಂಗ್ ಎಂಬ ಆಧ್ಯಾತ್ಮಿಕ ಪಂಥವನ್ನು ನಿಷೇಧಿಸಿದ ಮೇಲೆ ಚೀನಾ ಸರ್ಕಾರದ ಕ್ರೀಡಾ ಇಲಾಖೆ ಗುರುಗಳ ಗದ್ದಲವೆಲ್ಲ ಕಳೆದು 2003ರಲ್ಲಿ ಹೊರತಂದ ನಾಲ್ಕು ಅಭ್ಯಾಸಗಳಲ್ಲಿ ಇದೂ ಒಂದು. ಹಾಗಾಗಿ ಎಲ್ಲಿ ಕಲಿತರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ, ವಿಡಿಯೊ ಪುಕ್ಕಟೆ ಸಿಗುತ್ತದೆ.

ಇದರ ಮೂರನೇ ಚಲನೆ ನಿಮಗೆ ಇಷ್ಟವಾಗಬಹುದು. ಹೊಟ್ಟೆ ಮತ್ತು ಗುಲ್ಮಕ್ಕೆ ಒಳ್ಳೆಯದು ಅಂತ ಹಳೆಯ ಪದ್ಯದಲ್ಲೇ ಇದೆ. ಮೊಣಕಾಲು ತುಸು ಬಾಗಿಸಿ, ಎರಡೂ ಕೈ ಹೊಟ್ಟೆಯ ಮುಂದೆ. ಏಳುತ್ತಾ ಎಡಗೈಯನ್ನು ಮುಖದ ಮುಂದಿನಿಂದ ಮೇಲೆತ್ತಿ, ತಲೆಯ ಮೇಲೆ ಬಂದಾಗ ಅಂಗೈ ಆಕಾಶಕ್ಕೆ ತಿರುಗಿಸಿ. ಅದೇ ಹೊತ್ತಿಗೆ ಬಲಗೈ ಸೊಂಟದ ಪಕ್ಕ ಅಂಗೈ ನೆಲಕ್ಕೆ ಮಾಡಿ ಒತ್ತಬೇಕು. ಒತ್ತುವುದು ಬೆರಳಿನಿಂದ ಅಲ್ಲ, ಅಂಗೈಯ ಬುಡದಿಂದ. ಸರಿಯಾಗಿ ಬಂದರೆ ಎಡ ಪಕ್ಕೆಲುಬಿನ ಕೆಳಗೆ, ಸೊಂಟದವರೆಗೂ ಒಂದು ಎಳೆತ ಗೊತ್ತಾಗುತ್ತದೆ. ಒಂದು ಕ್ಷಣ ಅಲ್ಲೇ ನಿಂತು, ಮೊಣಕಾಲು ಸಡಿಲಿಸಿ ಕೈ ಇಳಿಸಿ, ಆಚೆ ಕಡೆ. ಭುಜ ಕಿವಿಯ ಹತ್ತಿರ ಏರಿತೆಂದರೆ ನೀವು ಬಲ ಹಾಕುತ್ತಿದ್ದೀರಿ. ನಮ್ಮ ಆಂಟಿ ಸದ್ದಿಲ್ಲದೆ ಹಿಂದಿನಿಂದ ಬಂದು ಎರಡು ಬೆರಳಿಂದ ಅದನ್ನು ಕೆಳಗೆ ಒತ್ತಿ ಹೋಗುತ್ತಾರೆ. ಇದರಿಂದ ಹುಣ್ಣು ಮಾಯುತ್ತದೆಯೇ ಎಂದರೆ ಇಲ್ಲ. ದಿನವಿಡೀ ಕುರ್ಚಿಯಲ್ಲಿ ಮುದುಡಿ ಕೂತ ಮೈಗೆ ಹಾಯೆನಿಸುತ್ತದೆ.

ಐದನೆಯದರಲ್ಲಿ ಮೈ ಮುಂದಕ್ಕೆ ಬಾಗುತ್ತದೆ, ಆರನೆಯದರಲ್ಲಿ ತಲೆ ಸೊಂಟಕ್ಕಿಂತ ಕೆಳಗೆ ಇಳಿಯುತ್ತದೆ. ಹುಳಿತೇಗು, ಎದೆಯುರಿ ಇರುವವರು ಪೂರ್ತಿ ಬಾಗಬೇಡಿ, ಕೈ ಮೊಣಕಾಲಿಗೆ ಮುಟ್ಟಿದರೆ ಧಾರಾಳ. ಊಟ ಆದ ಕೂಡಲೇ ಯಾವುದೂ ಬೇಡ.

ಉಸಿರನ್ನು ಬಲವಂತವಾಗಿ ತಡೆಯುವುದು, ಬೆನ್ನುಹುರಿಯಗುಂಟ ಶಕ್ತಿ ಸುತ್ತಿಸುವುದು, ಮೈ ತಾನಾಗಿ ಅದುರುವವರೆಗೆ ಕೂರುವುದು, ಇವನ್ನು ವಿಡಿಯೊ ನೋಡಿ ಮಾಡಲೇಬೇಡಿ. ಅದರಲ್ಲೂ ನಿದ್ದೆಗೆಟ್ಟವರು. ಆ ಜ್ವರದ ಕಾಲದಲ್ಲಿ ಹೀಗೆ ಮಾಡಿ ದನಿಗಳು ಕೇಳಿಸತೊಡಗಿ, ಮೈಯೊಳಗೆ ಏನೋ ಹರಿದಾಡುತ್ತಿದೆ ಎಂದು ಆಸ್ಪತ್ರೆ ಸೇರಿದವರು ಎಷ್ಟಿದ್ದರೆಂದರೆ, ಅಮೆರಿಕದ ಮನೋವೈದ್ಯರ 1994ರ ಕೈಪಿಡಿ ಡಿಎಸ್‌ಎಂ-4ರಲ್ಲೂ ಇದಕ್ಕೊಂದು ನಮೂದು ಸೇರಿತು. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆಯ ಇತಿಹಾಸವಿದ್ದರೆ ಇನ್ನೂ ಹುಷಾರು.

"ನಮ್ಮದೇ ಪ್ರಾಣಾಯಾಮ ಇರುವಾಗ ಚೀನಾದ್ದು ಯಾಕೆ" ಅಂತ ಕೆಳಗೆ ಯಾರಾದರೂ ಬರೆದೇ ಬರೆಯುತ್ತಾರೆ. ಪಕ್ಕದ ಬೀದಿಯಲ್ಲಿ ಒಳ್ಳೆಯ ಯೋಗ ಮೇಷ್ಟ್ರಿದ್ದರೆ ಖಂಡಿತ ಅಲ್ಲಿಗೇ ಹೋಗಿ, ನನ್ನದೇನೂ ತಕರಾರಿಲ್ಲ. ನೆಲದಲ್ಲಿ ಕೂರಲಾಗದವರಿಗೆ, ಮಂಡಿ ಹಿಡಿದವರಿಗೆ ನಿಂತು ಮಾಡುವ ಇದು ಸುಲಭ, ಅಷ್ಟೇ ವ್ಯತ್ಯಾಸ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ ರಾತ್ರಿಯಾದರೂ ಸರಿ, ನೇರ ಎಮರ್ಜೆನ್ಸಿಗೆ ಹೋಗಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಎಂಡೋಸ್ಕೋಪಿ ಮುಂದೂಡಬೇಡಿ. ಪೈಲೋರಿ ರಿಪೋರ್ಟ್ ಪಾಸಿಟಿವ್ ಬಂದರೆ ಕೋರ್ಸ್ ನಡುವೆ ಬಾಯಿ ಕಹಿಯಾಗಿ, ಹೊಟ್ಟೆ ತೊಳಸಿ, ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡದೆ ಪೂರ್ತಿ ಮುಗಿಸಿ, ಮುಗಿದು ತಿಂಗಳಾದ ಮೇಲೆ ಸೋಂಕು ಹೋಗಿದೆಯೇ ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಆ ಎರಡು ವಾರವೂ ಬೆಳಿಗ್ಗೆ ಬಾಡುವಾನ್‌ಜಿನ್ ಮಾಡಬಹುದು, ಒಂದಕ್ಕೊಂದು ಅಡ್ಡಿಯಿಲ್ಲ.