ಹಳೇ ಕ್ಯಾರವಾನ್ ಕೊಳ್ಳುವ ಮೊದಲು ಮೂಲೆ ಒತ್ತಿ ನೋಡಿ

ಪ್ರವೀಣ್ ಅವರೇ,

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಡ್ರಿಫೀಲ್ಡ್ ಹತ್ತಿರದ ಹೊಲದಲ್ಲಿ ನಿಂತಿರುವ 1970ರ ದಶಕದ ಸ್ಪ್ರೈಟ್ ಕಂಪನಿಯ ಕ್ಯಾರವಾನ್ ಮೇಲೆ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯ ಮೇಲೆ, ನಿಮ್ಮ ಕಣ್ಣು ಬಿದ್ದಿದೆ. ರೈತರು 600 ಪೌಂಡ್ ಹೇಳುತ್ತಿದ್ದಾರೆ. ಆಗಸ್ಟ್‌ನಲ್ಲಿ ಸಮುದ್ರ ತೀರದ ವಿಟ್ಬಿ, ಸ್ಕಾರ್ಬರೋ ಕಡೆ ನಾಲ್ಕು ಜನಕ್ಕೆ ರೂಮು ಮಾಡಿದರೆ ಜೇಬು ಖಾಲಿ. ಇದನ್ನೇ ಕೊಂಡು ರಿಪೇರಿ ಮಾಡಿಕೊಂಡರೆ ಹೇಗೆ, ಈ ಶನಿವಾರವೇ ಕಾರಿಗೆ ಕಟ್ಟಿ ಎಳೆದುಕೊಂಡು ಬರಬಹುದಾ ಎಂದು ಕೇಳಿದ್ದೀರಿ.

ಕೊಳ್ಳಿ ಎಂದೇ ನಾನು ಹೇಳುವುದು. ಎರಡು ಷರತ್ತು ಮಾತ್ರ. ಒಳಗಿನ ಮರ ಒಣಗಿರಬೇಕು. ಮತ್ತೆ, ಮನೆಗೆ ತರುವಾಗ ಅದರದೇ ಚಕ್ರದ ಮೇಲೆ ಎಳೆದು ತರಬಾರದು.

ಸ್ಪ್ರೈಟ್ ಒಳ್ಳೆಯ ಆಯ್ಕೆ. 1940ರ ದಶಕದ ಕೊನೆಯಲ್ಲಿ ಸ್ಯಾಮ್ ಆಲ್ಪರ್ ಎಂಬವರು ಸಾಮಾನ್ಯ ಸಂಬಳದ ಕುಟುಂಬಕ್ಕೂ ಕೈಗೆಟುಕಲಿ ಎಂದು ಶುರುಮಾಡಿದ ಗಾಡಿ ಇದು. ಇಲ್ಲಿನ ರಸ್ತೆ ಬದಿಯಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ಲಿಟಲ್ ಚೆಫ್ ಹೋಟೆಲುಗಳನ್ನು ಹುಟ್ಟುಹಾಕಿದ್ದೂ ಅವರೇ. ಗಾಡಿ ಹಗುರ, ಕಟ್ಟಿರುವ ರೀತಿ ಸರಳ. ಮರಗೆಲಸ ಸ್ವಲ್ಪ ಬಂದರೆ ಸಾಕು, ಬಿಚ್ಚಿ ಜೋಡಿಸಬಹುದು.

ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಹಾರ್ಡ್‌ಬೋರ್ಡ್ ಅಥವಾ ಪ್ಲೈವುಡ್, ನಡುವೆ ಮರದ ರೀಪುಗಳ ಚೌಕಟ್ಟು. ತಗಡುಗಳು ಕೂಡುವ ಅಂಚಿನ ಮೇಲೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಸ್ಕ್ರೂ ಹೊಡೆದಿರುತ್ತಾರೆ. ಅದಕ್ಕೆ ಆನಿಂಗ್ ರೇಲ್ ಅನ್ನುತ್ತಾರೆ. ಅದರಡಿ ನೀರು ತಡೆಯಲು ಮಾಸ್ಟಿಕ್ ಎಂಬ ಮೆತ್ತನೆಯ ಅಂಟು ಇರುತ್ತದೆ. ವರ್ಷ ಕಳೆದಂತೆ ಅದು ಒಣಗಿ ಬಿರುಕು ಬಿಡುತ್ತದೆ. ಯಾರ್ಕ್‌ಷೈರ್ ಮಳೆ ಸ್ಕ್ರೂ ತೂತಿನಿಂದ ಮೆಲ್ಲಗೆ ಒಳಗಿಳಿಯುತ್ತದೆ. ಹೊರಗೆ ತಗಡು ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮರ ನೆನೆದ ರಸ್ಕಿನ ಹಾಗೆ ಪುಡಿಯಾಗಿ ಕೈಗೆ ಬರುತ್ತದೆ.

ಆದ್ದರಿಂದ ಜೋರು ಮಳೆ ಬಂದ ಮಾರನೇ ದಿನ ನೋಡಲು ಹೋಗಿ. ಪರದೆ, ಮೆತ್ತೆ, ಬಣ್ಣ ಯಾವುದನ್ನೂ ನೋಡಬೇಡಿ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬೂಷ್ಟಿನ ವಾಸನೆ ಬಂತಾ ಗಮನಿಸಿ. ಸೀಟಿನ ಕೆಳಗಿನ ಪೆಟ್ಟಿಗೆಗಳ ಮುಚ್ಚಳ ಎತ್ತಿ, ಹಿಂದಿನ ಎರಡು ಕೆಳಮೂಲೆಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕಿಟಕಿಗಳ ಕೆಳಗೆ, ಮೇಲಿನ ಕಪಾಟುಗಳ ಒಳಗೆ, ಚಾವಣಿಯ ಗಾಳಿಕಿಂಡಿಯ ಸುತ್ತ, ಬಾಗಿಲ ಹತ್ತಿರದ ನೆಲ, ಎಲ್ಲ ಕಡೆ ಒತ್ತಿ ನೋಡಿ. ತೇವ ಅಳೆಯುವ ಪುಟ್ಟ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಶೇಕಡಾ 15ರ ಒಳಗಿದ್ದರೆ ನೆಮ್ಮದಿ. 20 ದಾಟಿದರೆ ನೀರು ಎಲ್ಲಿಂದಲೋ ಬರುತ್ತಿದೆ. 30 ತೋರಿಸಿದರೆ ಆ ಗೋಡೆ ಬಿಚ್ಚಲೇಬೇಕು. ಒಂದು ಮೂಲೆಯಲ್ಲಿ ಮಾತ್ರ ಹೊಸ ವಾಲ್‌ಪೇಪರ್ ಅಂಟಿಸಿದ್ದರೆ ಅಲ್ಲಿಯೇ ಜಾಸ್ತಿ ಹೊತ್ತು ನಿಲ್ಲಿ. ಒಂದು ಮೂಲೆ ಹೋಗಿದ್ದರೆ ಸರಿಮಾಡಬಹುದು. ನಾಲ್ಕೂ ಮೂಲೆ ಮತ್ತು ನೆಲ ಹೋಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಾಗದಪತ್ರದ ವಿಷಯ. ನಮ್ಮೂರಲ್ಲಿ ಗಾಡಿಗೆ ಆರ್‌ಸಿ ಇದ್ದಂತೆ ಇಲ್ಲಿ ಕ್ಯಾರವಾನ್‌ಗೆ ಇರುವುದಿಲ್ಲ. ರಸ್ತೆಗೆ ಯೋಗ್ಯವೇ ಎಂದು ಕಾರುಗಳಿಗೆ ವರ್ಷಕ್ಕೊಮ್ಮೆ ಮಾಡುವ ಎಂಒಟಿ ಪರೀಕ್ಷೆಯೂ ಇಲ್ಲ. ಕ್ರಿಸ್ ಎಂಬ ಕ್ಯಾರವಾನ್ ನೋಂದಣಿ ಶುರುವಾಗಿದ್ದು 1992ರಲ್ಲಿ, ನಿಮ್ಮ ಗಾಡಿ ಅದಕ್ಕಿಂತ ಹಳೆಯದು. ಹಾಗಾಗಿ ಮಾರುವವರ ಹೆಸರು, ವಿಳಾಸ, ಚಾಸಿ ನಂಬರ್ ಬರೆಸಿ ಸಹಿ ಹಾಕಿಸಿಕೊಂಡ ರಸೀದಿಯೇ ನಿಮ್ಮ ಆಧಾರ. ದುಡ್ಡು ಅವರ ಮನೆಯಲ್ಲೇ ಕೊಡಿ, ದಾರಿಯಲ್ಲಿ ಎಲ್ಲೋ ನಿಂತು ಅಲ್ಲ.

ಇನ್ನು ಎಳೆಯುವ ಮಾತು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಕಾರು ಓಡಿಸಬಹುದು, ಗೊತ್ತಲ್ವಾ? ಮೊದಲು ಇಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳಿ, ಆಮೇಲೆ ಕ್ಯಾರವಾನ್ ಕಟ್ಟಿ. ಮುಂಚೆ ಭಾರದ ಗಾಡಿ ಎಳೆಯಲು ಬೇರೆ ಪರೀಕ್ಷೆ ಪಾಸಾಗಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ನಿಯಮ ಹೋಯಿತು, ಕಾರಿನ ಲೈಸೆನ್ಸಿನಲ್ಲೇ 3,500 ಕೆಜಿವರೆಗೆ ಎಳೆಯಬಹುದು. ಆದರೆ ಕಾಯಿದೆ ಒಪ್ಪಿತು ಅಂದರೆ ಕಾರು ಒಪ್ಪಿತು ಅಂತಲ್ಲ. ನಿಮ್ಮ ಕಾರು ಯಾವುದು ಎಂದು ಬರೆದಿಲ್ಲ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಭಾರಗಳ ಪಟ್ಟಿ ಇರುವ ಫಲಕ ಹುಡುಕಿ. ಕಾರು ಮತ್ತು ಹಿಂದಿನ ಗಾಡಿ ಸೇರಿ ಎಷ್ಟು ಭಾರ ಇರಬಹುದು ಎಂಬ ಅಂಕಿ ಅದರಲ್ಲೇ ಇಲ್ಲದಿದ್ದರೆ ಆ ಕಾರು ಎಳೆಯಲು ತಕ್ಕದ್ದಲ್ಲ. ಹಲವು ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಥೆ ಇದೇ. ಹೊಸಬರಿಗೆ ಇಲ್ಲಿ ಹೇಳುವ ಲೆಕ್ಕ ಏನೆಂದರೆ, ಸಾಮಾನು ತುಂಬಿದ ಕ್ಯಾರವಾನ್ ಕಾರಿನ ತೂಕದ ಶೇಕಡಾ 85 ದಾಟಬಾರದು.

ಹಾಗಾದರೆ ಡ್ರಿಫೀಲ್ಡ್‌ನಿಂದ ಲೀಡ್ಸ್‌ಗೆ ಯಾಕೆ ಎಳೆಯಬಾರದು? ವರ್ಷಗಟ್ಟಲೆ ಹೊಲದಲ್ಲಿ ನಿಂತ ಗಾಡಿಯಲ್ಲಿ ಬ್ರೇಕು ಕಚ್ಚಿಕೊಂಡಿರುತ್ತದೆ. ಬೇರಿಂಗಿನ ಗ್ರೀಸು ಒಣಗಿರುತ್ತದೆ. ಟೈರಿನ ಪಟ್ಟೆ ಹೊಸದರಂತಿದ್ದರೂ ಪಕ್ಕದ ಗೋಡೆ ಬಿರಿದಿರುತ್ತದೆ. ಟೈರಿನ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ, 1815 ಎಂದಿದ್ದರೆ 2015ರ 18ನೇ ವಾರದ್ದು. ಬರೀ ಮೂರಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಇಂಥ ಟೈರು ದಾರಿಯ ಎ64 ಹೆದ್ದಾರಿಯ ಮೇಲೆ ಸಿಡಿದರೆ ಕಾರನ್ನೂ ಅಡ್ಡ ಎಳೆಯುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಚಪ್ಪಟೆ ಲಾರಿ ಇರುವ ಗಾಡಿ ಸಾಗಿಸುವವರನ್ನು ಕರೆಸಿ. ಆ ಖರ್ಚನ್ನು ರೈತರ ಬೆಲೆಯ ಜೊತೆಗೇ ಲೆಕ್ಕ ಹಾಕಿ ಚೌಕಾಸಿ ಮಾಡಿ.

ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಹೊಸ ಬಡಾವಣೆಗಳಲ್ಲಿ ಮನೆಯ ಮುಂದೆ ಕ್ಯಾರವಾನ್ ನಿಲ್ಲಿಸಬಾರದು ಎಂದು ಮನೆಪತ್ರದಲ್ಲೇ ಬರೆದಿರುವುದುಂಟು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ.

ರಿಪೇರಿಯನ್ನು ಮೇಲಿನಿಂದ ಕೆಳಗೆ ಮಾಡಿ. ನನಗೆ ಇದನ್ನು ಕಲಿಸಿದವರು ನಮ್ಮ ಬೀದಿಯ ಒಬ್ಬ ಹಿರಿಯರು, ಹಲ್ ಕಡೆಯ ಕ್ಯಾರವಾನ್ ಕಾರ್ಖಾನೆಯಲ್ಲಿ ಜೀವನವಿಡೀ ಬಡಗಿಯಾಗಿದ್ದವರು. ಈ ಸೀಮೆಯೇ ಬ್ರಿಟನ್ನಿನ ಕ್ಯಾರವಾನ್ ಉದ್ಯಮದ ಮನೆ, ಬಿಡಿಭಾಗ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಅವರು ರೇಲ್ ಬಿಚ್ಚುವಾಗ ಒಂದೊಂದು ಸ್ಕ್ರೂವನ್ನೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಹೊಳೆಯುವ ಸ್ಕ್ರೂ ಬಂದ ಕಡೆ ಮರ ಗಟ್ಟಿ. ತುಕ್ಕು ತಿಂದು ಸೂಜಿಯಾದ ಸ್ಕ್ರೂ ಬಂದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆ ಜಾಗದ ಒಳಗಿನ ಬೋರ್ಡ್ ತೆಗೆಯುತ್ತಿದ್ದರು. ಕೊಳೆತ ಮರವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಕೂರಿಸಿ, ಹಳೇ ಮಾಸ್ಟಿಕ್ ಪೂರ್ತಿ ಕೆರೆದು, ಗಟ್ಟಿಯಾಗದ ಹೊಸ ಮಾಸ್ಟಿಕ್ ಹಾಕಿ, ಸ್ಟೇನ್‌ಲೆಸ್ ಸ್ಕ್ರೂಗಳಿಂದ ರೇಲ್ ಬಿಗಿಯಬೇಕು. ಬಚ್ಚಲುಮನೆಗೆ ಹಾಕುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಮುಂದೆ ಅದರ ಮೇಲೆ ಇನ್ನೇನೂ ಅಂಟುವುದಿಲ್ಲ. ಇದೆಲ್ಲ ಬೇಸಿಗೆಯ ಕೆಲಸ. ಒಲೆ, ಹೀಟರ್ ಹಿಂದೆ ಬೂದು ಬಣ್ಣದ ಗಡಸು ಹಲಗೆ ಕಂಡರೆ ಕೊರೆಯಬೇಡಿ, ಉಜ್ಜಬೇಡಿ. ಆ ಕಾಲದಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಬಲ್ಲವರಿಂದ ಪರೀಕ್ಷೆ ಮಾಡಿಸಿ.

ಗ್ಯಾಸಿಗೆ ನೀವು ಕೈ ಹಾಕಬೇಡಿ. ಹಳೇ ರಬ್ಬರ್ ಪೈಪು, ರೆಗ್ಯುಲೇಟರ್ ತೆಗೆಸಿ, ಕ್ಯಾರವಾನ್ ಕೆಲಸ ಬಲ್ಲ, ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿರುವ ಎಂಜಿನಿಯರ್ ಕೈಲಿ ಪೂರ್ತಿ ನೋಡಿಸಿ. ನೆಲದಲ್ಲಿ ಚಿಕ್ಕ ಕಿಂಡಿಗಳಿರುತ್ತವೆ. ಚಳಿಗಾಳಿ ಬರುತ್ತದೆ ಎಂದು ಕಾರ್ಪೆಟ್ ಹಾಸಿ ಮುಚ್ಚಬೇಡಿ, ಸೋರಿದ ಗ್ಯಾಸು ಗಾಳಿಗಿಂತ ಭಾರ, ಅದು ಹೊರಗೆ ಹೋಗುವ ದಾರಿ ಅದೇ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯವಾಗಿ ಇಡಿ. ನಮ್ಮ ಅಡುಗೆಯದ್ದೂ ಒಂದು ಮಾತಿದೆ. ಅನ್ನದ ಕುಕ್ಕರ್, ಕುದಿಯುವ ಸಾರು, ಇವೆಲ್ಲ ಅಷ್ಟು ಚಿಕ್ಕ ಜಾಗದಲ್ಲಿ ಬಿಡುವ ಹಬೆ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಅಷ್ಟು ಕಷ್ಟಪಟ್ಟು ಒಣಗಿಸಿದ ಮರ ಮತ್ತೆ ನೆನೆಯುತ್ತದೆ. ಚಾವಣಿಯ ಕಿಂಡಿ ತೆರೆದೇ ಅಡುಗೆ ಮಾಡಿ. ಒಗ್ಗರಣೆ ಹೊರಗಿನ ಒಲೆಯ ಮೇಲೆ ಇನ್ನೂ ಒಳ್ಳೆಯದು.

ಎಲ್ಲ ಸಿದ್ಧವಾದ ಮೇಲೆ ಖಾಲಿ ಮೈದಾನದಲ್ಲಿ ರಿವರ್ಸ್ ಅಭ್ಯಾಸ ಮಾಡಿ. ಇಷ್ಟು ಹಳೆಯ ಗಾಡಿಗಳಲ್ಲಿ ಹಿಂದಕ್ಕೆ ತಳ್ಳಿದರೆ ಬ್ರೇಕು ತಾನೇ ಹಿಡಿಯುತ್ತದೆ. ಅದನ್ನು ತಡೆಯಲು ಹಿಚ್, ಅಂದರೆ ಕಾರಿಗೆ ಕಟ್ಟುವ ಕೊಂಡಿಯ ಹತ್ತಿರ ಒಂದು ಚಿಕ್ಕ ಲಿವರ್ ಇರುತ್ತದೆ. ಭಾರದ ಸಾಮಾನು ಆಕ್ಸಲ್ ಮೇಲೆ, ನೆಲಕ್ಕೆ ಹತ್ತಿರ ಇಡಿ. ಹಿಂದೆ ನಿಮ್ಮ ಕಾರಿನದೇ ನಂಬರ್ ಪ್ಲೇಟ್ ಇರಬೇಕು. ವೇಗದ ಮಿತಿ ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 50, ಮೋಟರ್‌ವೇಯಲ್ಲಿ ಮೂರು ಲೇನ್ ಇದ್ದರೆ ಬಲತುದಿಯದಕ್ಕೆ ಹೋಗುವಂತಿಲ್ಲ. ಗಾಡಿ ಹಾವಿನಂತೆ ಓಲಾಡಲು ಶುರುಮಾಡಿದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಸ್ಕಾರ್ಬರೋ ಕಡೆ ಹೋಗಲು ಫೋನು ಎ170 ರಸ್ತೆಯ ಸಟ್ಟನ್ ಬ್ಯಾಂಕ್ ಎಂಬ ಗುಡ್ಡದ ದಾರಿ ತೋರಿಸಿದರೆ ಒಪ್ಪಬೇಡಿ. ಅಲ್ಲಿ ನಾಲ್ಕಕ್ಕೆ ಒಂದರಷ್ಟು ಏರು, ಕ್ಯಾರವಾನ್‌ಗೆ ಪ್ರವೇಶವಿಲ್ಲ. ಎ64ರಲ್ಲಿ ಮಾಲ್ಟನ್ ಮೇಲೆ ಹೋಗಿ.

ನಾನಿರುವುದು ಬೆವರ್ಲಿಯಲ್ಲಿ, ಡ್ರಿಫೀಲ್ಡ್ ಇಲ್ಲಿಂದ ಹತ್ತಿರ. ರೈತರಿಗೆ ಯಾವ ದಿನ ಬರುತ್ತೇನೆ ಎಂದಿದ್ದೀರಿ ತಿಳಿಸಿ, ಮೀಟರ್ ತೆಗೆದುಕೊಂಡು ನಾನೂ ಬರುತ್ತೇನೆ. ಅಲ್ಲಿವರೆಗೆ ಮುಂಗಡ ಕೊಡಬೇಡಿ.