ಸಂವಿಧಾನ ಬೇಡ ಎಂದವರು ದೇಶ ಒಡೆಯುವವರೇ?

ಪ್ರಶ್ನೆ: ಮಾಸ್ಟ್ರೇ, ನನ್ನ ಮಗಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಅಮೆರಿಕದ ಸಂವಿಧಾನಕ್ಕೆ ಒಪ್ಪಿಗೆ ಪಡೆಯುವಾಗ ಎರಡು ಬಣಗಳಿದ್ದವಂತೆ. ಫೆಡರಲಿಸ್ಟರು ದೇಶ ಕಟ್ಟಿದವರು, ಆಂಟಿ-ಫೆಡರಲಿಸ್ಟರು ದೇಶ ಒಡೆಯಲು ಹೊರಟವರು ಎಂದು ಅವಳ ನೋಟ್ಸಿನಲ್ಲಿದೆ. ಇದು ಸರಿಯೇ? ನಮ್ಮ ಸಂವಿಧಾನಕ್ಕೂ ರಾಜ್ಯಗಳು ಹೀಗೆ ವೋಟು ಹಾಕಿದ್ದವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸರಿಯಲ್ಲ. ಆ ಸಾಲನ್ನು ಮಗಳು ಹೊಡೆದುಹಾಕಲಿ. ಮುಂಬಯಿಯ ಫೋರ್ಟಿನ ರಾತ್ರಿಶಾಲೆಯಲ್ಲಿ ನಾನು ಇತಿಹಾಸ ಹೇಳಿಕೊಡುತ್ತಿದ್ದಾಗ, ಹಗಲಿಡೀ ಹೋಟೆಲಿನಲ್ಲಿ ದುಡಿದು ಬಂದ ಹುಡುಗರು ಮೊದಲು ಕೇಳುತ್ತಿದ್ದದ್ದೇ ಇದು: ‘ಸೋತವರು ಏನು ಹೇಳಿದ್ರು ಸರ್?’

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬಾಗಿಲು ಮುಚ್ಚಿಕೊಂಡು ಕರಡು ಬರೆದರು. ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ವರ್ಜೀನಿಯಾದ ಜಾರ್ಜ್ ಮೇಸನ್ ಹಾಕಲಿಲ್ಲ. ಜನರ ಹಕ್ಕುಗಳ ಪಟ್ಟಿಯೇ ಇದರಲ್ಲಿಲ್ಲ ಎಂಬುದು ಅವನ ದೊಡ್ಡ ತಕರಾರು. (ಅದೇ ಮೇಸನ್ನನ ಮನೆಯಲ್ಲಿ ಗುಲಾಮರಿದ್ದರು. ಇದನ್ನು ಹೇಳುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.) 13 ರಾಜ್ಯಗಳಲ್ಲಿ 9 ಒಪ್ಪಿದರೆ ಸಂವಿಧಾನ ಜಾರಿ.

ಈ ಸಂವಿಧಾನ ಬೇಕೆಂದವರು ಫೆಡರಲಿಸ್ಟರು. ಹ್ಯಾಮಿಲ್ಟನ್, ಮ್ಯಾಡಿಸನ್ ಅವರ ಈ ಬಣದ ಮಾತಿನಲ್ಲಿ ಹುರುಳಿತ್ತು. ಹಳೆಯ ಕೇಂದ್ರ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸುವುದು ಹೇಗೆ?

ಎದುರು ಬಣದಲ್ಲಿ, ಅಂದರೆ ಆಂಟಿ-ಫೆಡರಲಿಸ್ಟರಲ್ಲಿ, ಎಲ್ಲ ಥರದವರೂ ಇದ್ದರು. ಪ್ಯಾಟ್ರಿಕ್ ಹೆನ್ರಿಯಂಥ ವಕೀಲರು, ನ್ಯೂಯಾರ್ಕಿನ ಗವರ್ನರ್ ಕ್ಲಿಂಟನ್. ತಮ್ಮ ರಾಜ್ಯದ ಹಿಡಿತ ತಪ್ಪೀತೆಂಬ ಭಯ ಅವರಲ್ಲಿ ಕೆಲವರಿಗೆ ಇದ್ದದ್ದೂ ನಿಜ. ನನಗೆ ಜಾಸ್ತಿ ಹತ್ತಿರದವನು ಮ್ಯಾಸಚೂಸೆಟ್ಸಿನ ಹಳ್ಳಿಯವನಾದ ಏಮಸ್ ಸಿಂಗಲ್ಟರಿ. ‘ಈ ವಕೀಲರು, ಓದಿದವರು, ಹಣವಂತರು ಅಧಿಕಾರವನ್ನೂ ದುಡ್ಡನ್ನೂ ತಾವೇ ಇಟ್ಟುಕೊಂಡು ನಮ್ಮಂಥ ಚಿಕ್ಕವರನ್ನು ನುಂಗಿಬಿಡುತ್ತಾರೆ’ ಎಂಬ ಅರ್ಥದಲ್ಲಿ ಅವನು ಸಂವಿಧಾನ ಒಪ್ಪಬೇಕೇ ಎಂದು ತೀರ್ಮಾನಿಸಲು ಆ ರಾಜ್ಯದಲ್ಲಿ ಸೇರಿದ್ದ ಸಭೆಯಲ್ಲೇ ಹೇಳಿದ. ಅವನಿಗೆ ಉತ್ತರ ಕೊಟ್ಟದ್ದು ವಕೀಲನಲ್ಲ, ಇನ್ನೊಬ್ಬ ರೈತ, ಜೊನಾಥನ್ ಸ್ಮಿತ್. ಹಿಂದಿನ ವರ್ಷ ಸಾಲದಲ್ಲಿ ಮುಳುಗಿದ ರೈತರು ಶೇಸ್ ಎಂಬವನ ಮುಂದಾಳುತನದಲ್ಲಿ ದಂಗೆ ಎದ್ದಿದ್ದರು. ಆ ಗಲಭೆಯನ್ನು ಸ್ಮಿತ್ ಕಣ್ಣಾರೆ ಕಂಡಿದ್ದ. ಅಂಥದ್ದಕ್ಕೆ ಈ ಸಂವಿಧಾನವೇ ಮದ್ದು, ಹಣವಂತರಿಗೆ ಇಷ್ಟವಾಯಿತೆಂದು ನನಗೆ ಇದು ಕೆಟ್ಟದ್ದಾಗುವುದಿಲ್ಲ ಎಂದ. ನೇಗಿಲು ಹಿಡಿದವರು ಎರಡೂ ಕಡೆ ಇದ್ದರು ನೋಡಿ!

ಮ್ಯಾಸಚೂಸೆಟ್ಸಿನಲ್ಲಿ 187–168 ಮತಗಳಿಂದ ಸಂವಿಧಾನ ಗೆದ್ದಿತು. ಅದೂ ಯಾವ ಯಾವ ತಿದ್ದುಪಡಿ ಬೇಕೆಂಬ ಶಿಫಾರಸನ್ನು ಜೊತೆಗೆ ಕೊಟ್ಟ ಮೇಲೆ. ಸೋತ ಕೆಲವರು ಎದ್ದುನಿಂತು, ಊರಿಗೆ ಹೋಗಿ ನಮ್ಮ ಜನರನ್ನು ಒಪ್ಪಿಸುತ್ತೇವೆ ಎಂದರು. ದೇಶ ಒಡೆಯುವವರು ಹೀಗೆ ಹೇಳುವುದುಂಟೇ? ವರ್ಜೀನಿಯಾದಲ್ಲಿ 89–79, ನ್ಯೂಯಾರ್ಕಿನಲ್ಲಿ 30–27. ರೋಡ್ ಐಲೆಂಡ್ ಒಪ್ಪಿದ್ದು 1790ರಲ್ಲಿ, ಎರಡೇ ಮತಗಳ ಅಂತರದಲ್ಲಿ. ಹಕ್ಕುಗಳ ಪಟ್ಟಿ ಬೇಕಿಲ್ಲ ಎನ್ನುತ್ತಿದ್ದ ಮ್ಯಾಡಿಸನ್ನನೇ 1789ರಲ್ಲಿ ಅದರ ಕರಡನ್ನು ಸಂಸತ್ತಿನ ಮುಂದಿಟ್ಟ. 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ ಎಲ್ಲವೂ ಅದರಲ್ಲೇ ಇವೆ. ಸೋತವರು ಪಟ್ಟು ಬಿಡದೆ ಕೇಳಿದ್ದಕ್ಕೇ ಅವು ಬಂದದ್ದು ಅಲ್ವಾ? ಮಗಳು ಪರೀಕ್ಷೆಯಲ್ಲಿ ಇದನ್ನು ಧೈರ್ಯವಾಗಿ ಬರೆಯಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಮ್ಮಲ್ಲಿ ರಾಜ್ಯಗಳು ಹಾಗೆ ವೋಟು ಹಾಕಲಿಲ್ಲ. ಪ್ರಾಂತಗಳ ಶಾಸಕರು ಆರಿಸಿ ಕಳಿಸಿದವರೇ ಸಂವಿಧಾನ ಸಭೆಯಲ್ಲಿ ಹೆಚ್ಚಿದ್ದರು. 1947ರಲ್ಲಿ ಅಂಬೇಡ್ಕರ್ ಆರಿಸಿ ಹೋದದ್ದು ನಮ್ಮ ಈ ಮುಂಬಯಿ ಪ್ರಾಂತದಿಂದಲೇ. ಆ ಸಭೆಯೇ 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಮೈಸೂರು ಮಹಾರಾಜರು ಅದೇ ತಿಂಗಳು ಘೋಷಣೆ ಹೊರಡಿಸಿ ತಮ್ಮ ಸಂಸ್ಥಾನದ ಪರವಾಗಿ ಒಪ್ಪಿದರು.