ಹೊಡೆದುಹಾಕಿದ ಆ ಒಂದು ಸಾಲು

ನಮಸ್ಕಾರ ಸಿಸ್ಟರ್,

‘ಗರ್ಭಿಣಿಯರಲ್ಲಿ ಮಣ್ಣು ತಿನ್ನುವ ಚಟ: ದಾದಿಯರ ದೃಷ್ಟಿ’ ಎಂಬ ನಿಮ್ಮ ಲೇಖನ ತಲುಪಿತು. ವಿಷಯ ಒಳ್ಳೆಯದು. ಕೈಬರಹ ಅಚ್ಚುಕಟ್ಟಾಗಿದೆ. ಆದರೂ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ದಿನದಿಂದ ಇದೇ ತಲೆಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: ‘ಗ್ರಾಮೀಣ ಮಹಿಳೆಯರಲ್ಲಿ ಮೃತ್ತಿಕಾ ಭಕ್ಷಣೆಯ ಪ್ರವೃತ್ತಿ ಕಂಡುಬರುತ್ತದೆ.’ ಯಾರಿಗೆ ಕಂಡಿತು? ನಿಮಗೇ ಅಲ್ವಾ? ನಿಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ಯಾವ ಬಸುರಿ ‘ಮೃತ್ತಿಕೆ ತಿಂತೀನಿ’ ಅಂದಿದ್ದಾಳೆ? ಗೋಡೆ ಮಣ್ಣು ಅಂತಾಳೆ, ಹುತ್ತದ ಮಣ್ಣು ಅಂತಾಳೆ, ಬಳಪ ಅಂತಾಳೆ. ಚಟ ಅನ್ನುವುದೂ ಇಲ್ಲ, ಬಯಕೆ ಅಂತಾಳೆ.

ಮೂರನೇ ಪುಟ: ‘ಇದು ಅಜ್ಞಾನದ ಫಲವೆಂದು ಎಲ್ಲ ಶುಶ್ರೂಷಕಿಯರೂ ಅಭಿಪ್ರಾಯಪಟ್ಟರು.’ ಐದು ಜನ ನರ್ಸ್‌ಗಳು ಒಂದೇ ಮಾತು ಆಡಿದರೇ? ಅದೇ ಪುಟದಲ್ಲಿ ನೀವೇ ಬರೆದಿದ್ದೀರಿ: ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, ಕಬ್ಬಿಣದಂಶ ಕಡಿಮೆ ಇದ್ದವರಲ್ಲೇ ಈ ಬಯಕೆ ಜಾಸ್ತಿ, ಕೆಲವು ಮಣ್ಣು ಹೊಟ್ಟೆಯಲ್ಲಿ ಕಬ್ಬಿಣವನ್ನೇ ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ, ಜಂತುಹುಳುವಿನ ಮೊಟ್ಟೆಯೂ ಜೊತೆಗೆ ಹೋಗುತ್ತದೆ. ಇಷ್ಟು ಗೊತ್ತಿದ್ದ ಮೇಲೆ ಆ ಬಯಕೆಯನ್ನು ಅಜ್ಞಾನ ಅಂದದ್ದು ನನಗೆ ನಿಜಕ್ಕೂ ನೋವು ತಂದಿತು. ಕಾಳಿದಾಸನ ರಘುವಂಶದಲ್ಲಿ ಬಸುರಿ ಸುದಕ್ಷಿಣೆಯ ಬಾಯಿಂದ ಮಣ್ಣಿನ ವಾಸನೆ ಬರುತ್ತದೆ. ಅವಳು ರಾಣಿ.

ಅಜ್ಞಾನದ ಆ ಸಾಲಿನ ಕೆಳಗೆ ನೀವು ಒಂದು ಸಾಲನ್ನು ಹೊಡೆದುಹಾಕಿದ್ದೀರಿ. ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಓದಿದೆ: ‘ಮೊದಲ ಬಸಿರಲ್ಲಿ ನಾನೂ ಬಳಪ ತಿಂದಿದ್ದೆ.’ ಯಾಕೆ ಹೊಡೆದಿರಿ? ನಿಮ್ಮ ಆರು ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ.

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ. ಬರಗಾಲದ ವರದಿಯಲ್ಲಿ ‘ನೀರಿನ ಅಭಾವ ಕಂಡುಬಂದಿದೆ’ ಅಂತ ಬರೆದಿದ್ದೆ. ಹಿರಿಯರೊಬ್ಬರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಒಂದು ಕೊಡ ತುಂಬೋಕೆ ಎಷ್ಟು ಹೊತ್ತಾಯ್ತು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮತ್ತೆ ಬಸ್ಸು ಹತ್ತಿಸಿದರು. ಬೋರ್‌ವೆಲ್ ಪಕ್ಕ ಕೂತು ನೋಡಿದೆ, ನಲವತ್ತು ನಿಮಿಷ. ಕೊಡ ಇಟ್ಟು ಕಾಯುತ್ತಿದ್ದವರಲ್ಲಿ ನನ್ನ ಚಿಕ್ಕಮ್ಮನೂ ಇದ್ದಳು. ಮೊದಲ ಸಲ ಹೋದಾಗಲೂ ಇದ್ದಳು. ನಾಚಿಕೆಯಾಗಿ ಬರೆದಿರಲಿಲ್ಲ. ಎರಡನೇ ಸಲ ಬರೆದೆ.

ಇನ್ನೊಂದು ಜಾಗ. ಒಬ್ಬಾಕೆ ಸೆರಗಿನ ಗಂಟು ಬಿಚ್ಚಿ ಕೆಮ್ಮಣ್ಣಿನ ಹೆಂಟೆ ತೋರಿಸಿದಳು ಎಂದು ಬರೆದು, ಮುಂದಿನ ಸಾಲಿನಲ್ಲೇ ‘ಸೂಕ್ತ ತಿಳಿವಳಿಕೆ ನೀಡಲಾಯಿತು’ ಅಂತ ಮುಗಿಸಿದ್ದೀರಿ. ಏನು ಹೇಳಿದಿರಿ ಅವಳಿಗೆ? ಬೈದಿರಾ? ದಿನಕ್ಕೊಂದರಂತೆ 180 ದಿನದ ಕಬ್ಬಿಣದ ಮಾತ್ರೆ ಕೊಟ್ಟಾಗ ಅವಳ ಮುಖ ಹೇಗಿತ್ತು? ಮಾತ್ರೆ ನುಂಗಿದರೆ ವಾಕರಿಕೆ, ಮಣ್ಣು ತಿಂದರೆ ಬಾಯಿಗೆ ಹಿತ ಅಂದಳಾ? ನೀವೂ ಬಳಪ ತಿಂದಿದ್ದನ್ನು ಅವಳಿಗೆ ಹೇಳಿದಿರಾ?

ಉಳಿದ ಪುಟಗಳನ್ನು ಪಕ್ಕಕ್ಕಿಡಿ. ಆ ಸೆರಗಿನ ಗಂಟಿನಿಂದ ಶುರು ಮಾಡಿ, ನಿಮ್ಮ ಬಳಪದ ಸಾಲನ್ನು ವಾಪಸ್ ಹಾಕಿ. ಬಸುರಿಯ ತಪಾಸಣೆ ಬರೆದಿಡುವ ಅವಳ ‘ತಾಯಿ ಕಾರ್ಡ್’ನಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು ಬರೆಯಿರಿ. ಮುಂದಿನ ತಿಂಗಳು ತಪಾಸಣೆಗೆ ಬಂದಳಾ, ಅದನ್ನೂ ಬರೆಯಿರಿ.